ಅರ್ಧ ಕೆಲಸ ಮುಗಿದ ಯೆಜ್ಡಿ

ಭಾನುವಾರ ಬೆಳಿಗ್ಗೆ 7.42ಕ್ಕೆ ಹರ್ಷಿಣಿ ತನ್ನ ಬೈಕ್ ಮಾರಾಟಕ್ಕಿರುವುದನ್ನು ಫೋನಿನಲ್ಲಿ ನೋಡಿದಳು.

ಪೂರ್ತಿ ಅವಳದಲ್ಲ. ಅರ್ಧ ಅವಳದು, ಅರ್ಧ ಸಂಗಮೇಶನದು. ಮಾರಾಟಕ್ಕೆ ಹಾಕಿದವನು ಸಂಗಮೇಶ.

"1979ರ ಯೆಜ್ಡಿ. ಅರ್ಧ ಕೆಲಸ ಆಗಿದೆ, ಪ್ರಾಜೆಕ್ಟ್ ಆಗಿ ಕೊಡುವುದು. ಸಿಲಿಂಡರ್ ಬೋರಿಂಗ್ ಆಗಿದೆ, ಎಂಜಿನ್ ಜೋಡಿಸಿಲ್ಲ. ಟ್ಯಾಂಕ್‌ಗೆ ಪ್ರೈಮರ್ ಮಾತ್ರ. ಸೀಟ್ ಇಲ್ಲ. ಆರ್‌ಸಿ ಅವಧಿ ಮುಗಿದಿದೆ. ಸ್ಥಳ ಕಾರ್ಕಳ. ವೈರಿಂಗ್ ಪೂರ್ತಿ ಹೊಸತು, ಕೆಲಸಕ್ಕೆ ಬಂದವರು ಮಾಡಿದ್ದು."

ಕೊನೆಯ ಸಾಲನ್ನು ಅವಳು ಮೂರು ಸಲ ಓದಿದಳು.

ಕೆಲಸಕ್ಕೆ ಬಂದವರಾ... ನಾನಾ?!

ಹರ್ಷಿಣಿಗೆ ಇಪ್ಪತ್ತೇಳು. ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡುವ ಮಣಿಪಾಲದ ಒಂದು ಕಂಪನಿಯಲ್ಲಿ ಟೆಕ್ನಿಷಿಯನ್. ಆ ಬೈಕಿನ ಒಂದೊಂದು ವಯರನ್ನೂ ಅಳೆದು ಕತ್ತರಿಸಿದ್ದು ಅವಳು. ಅಪ್ಪ ಕಲಿಸಿದ ಗಂಟು ಹಾಕಿ ಬಲೆಯ ನೂಲಿನಲ್ಲಿ ಕಟ್ಟಿದ್ದೂ ಅವಳೇ. ಅದಕ್ಕೆ ಹನ್ನೊಂದು ಭಾನುವಾರ ಬೇಕಾಗಿತ್ತು.

ಹದಿನೈದು ದಿನದ ಹಿಂದೆ ಸಂಗಮೇಶ ಕಾಪುವಿನ ಅವಳ ಮನೆಗೆ ಪಿಕಪ್ ತಂದಿದ್ದ. ಕ್ರ್ಯಾಂಕ್ ಕೆಲಸ ಲೇತ್‌ನಲ್ಲೇ ಆಗಬೇಕು ಎಂದು ಬೈಕ್ ಒಯ್ದಿದ್ದ. ಅವನು ಕೆಲಸ ಮಾಡುವುದು ಕಾರ್ಕಳದ ಲೇತ್ ವರ್ಕ್‌ಶಾಪಿನಲ್ಲಿ, ಹಾಗಾಗಿ ಅನುಮಾನ ಬರಲಿಲ್ಲ. ಆಮೇಲೆ ಅವಳ ಎಲ್ಲ ಮೆಸೇಜಿಗೂ ಒಂದೇ ಉತ್ತರ ಬಂದಿತ್ತು: "ಕೆಲಸ ಉಂಟು."

ಎಂತ ಕೆಲಸ ಅಂತ ಈಗ ಗೊತ್ತಾಯಿತು. ಮೋಸಗಾರ!

"ಪಪ್ಪ, ಕಾರ್ಕಳಕ್ಕೆ ಹೋಗಿ ಬರ್ತೇನೆ."

ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ ಧರ್ಮಪಾಲ ತಲೆ ಎತ್ತಿದರು. "ತಿಂಡಿ?"

"ಬೇಡ!"

ಸ್ಕೂಟರ್ ಶಿರ್ವ, ಬೆಳ್ಮಣ್ಣು ದಾಟಿತು. ಹರ್ಷಿಣಿಯ ಕಣ್ಣ ಮುಂದೆ ಇದ್ದದ್ದು ಪೆರ್ಡೂರು.

ಹದಿನಾಲ್ಕು ತಿಂಗಳ ಹಿಂದೆ, ಪೆರ್ಡೂರಿನ ನಿವೃತ್ತ ಮೇಷ್ಟ್ರು ತಾರಾನಾಥರ ಮನೆಯ ಹಿಂದೆ ಈ ಯೆಜ್ಡಿ ತುಕ್ಕು ಹಿಡಿದು ನಿಂತಿತ್ತು. ಒಂದೇ ದಿನ, ಒಂದೇ ಹೊತ್ತಿಗೆ ಇಬ್ಬರು ಬಂದರು. "ನಾನು ಮೊದಲು ಬಂದದ್ದು!" ಎಂದಳು ಇವಳು. "ಗೇಟಿಗೆ ನೀವು ಮೊದಲು. ಬೈಕಿಗೆ ಕೈ ಇಟ್ಟದ್ದು ನಾನು ಮೊದಲು," ಎಂದ ಆ ಎತ್ತರದ ಹುಡುಗ. ಮೇಷ್ಟ್ರು ನಕ್ಕರು. "ಇದನ್ನು ಸರಿ ಮಾಡುವುದು ಒಬ್ಬರಿಂದ ಆಗುವ ಕೆಲಸ ಅಲ್ಲ. ಇಬ್ಬರೂ ಸೇರಿ ತೆಗೊಳ್ಳಿ."

ಸೇರಿ ತೆಗೆದುಕೊಂಡರು. ಭಾನುವಾರಗಳೂ ಸೇರಿಕೊಂಡವು. ಪ್ರೀತಿ ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ... ಹೇಳಬೇಕಾಗಿಯೂ ಇಲ್ಲ ಅಂದುಕೊಂಡಿದ್ದಳು.

8.55ಕ್ಕೆ ವರ್ಕ್‌ಶಾಪ್ ತಲುಪಿದಳು. ಶಟರ್ ಅರ್ಧ ತೆರೆದಿತ್ತು. ಹೊರಗೆ ಒಂದು ಪಿಕಪ್. ಒಳಗೆ ಬೈಕಿನ ಮುಂದೆ ಒಬ್ಬ ಅಪರಿಚಿತ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಬಿಡುತ್ತಿದ್ದ. ಬೈಕ್ ಕೊಳ್ಳಲು ಬಂದ ಉಡುಪಿಯ ಜೋಯ್‌ಸ್ಟನ್. ಹಳೆ ಬೈಕುಗಳ ಹುಚ್ಚು, ಮನೆಯಲ್ಲಿ ಆಗಲೇ ನಾಲ್ಕು ನಿಂತಿದ್ದವು.

"ವೈರಿಂಗ್ ಸೂಪರ್ ಉಂಟು ಮಾರಾಯ್ರೆ! ಇದು ಬಲೆಯ ನೂಲಲ್ವಾ? ಯಾರು ಕಟ್ಟಿದ್ದು?"

"ಕೆಲಸಕ್ಕೆ ಬಂದವಳು," ಎಂದಳು ಹರ್ಷಿಣಿ ಬಾಗಿಲಲ್ಲೇ ನಿಂತು. "ನಾನೇ."

ಸಂಗಮೇಶನ ಕೈಯಲ್ಲಿದ್ದ ಸ್ಪಾನರ್ ಅಲ್ಲೇ ನಿಂತಿತು.

"ನೀವು ಯಾಕೆ ಬಂದ್ರಿ?"

ನೀವು! ಒಂದು ವರ್ಷದಿಂದ 'ನೀನು' ಆಗಿದ್ದವಳಿಗೆ...

"ನನ್ನ ಅರ್ಧ ಬೈಕ್ ನೋಡ್ಲಿಕ್ಕೆ. ನೀವು ಯಾವ ಅರ್ಧ ಮಾರ್ತಾ ಇದ್ದೀರಿ ಅಂತ ಕೇಳ್ಲಿಕ್ಕೆ!"

ಜೋಯ್‌ಸ್ಟನ್ ಮೆಲ್ಲಗೆ ಎದ್ದ. "ಇಬ್ಬರು ಓನರಾ? ಪ್ರಾಜೆಕ್ಟ್ ಬೈಕ್ ಅಂತ ಬಂದದ್ದು ನಾನು. ನಿಮ್ಮ ಜಗಳವನ್ನೂ ನಾನೇ ಜೋಡಿಸಬೇಕಾ?" ಯಾರೂ ನಗಲಿಲ್ಲ. "ಸರಿ. ಚಾ ಕುಡಿದು ಬರ್ತೇನೆ. ಬೇಗ ಮುಗಿಸಿ, ಪಿಕಪ್‌ನವ ಕಾಯುವ ಜನ ಅಲ್ಲ."

ಅವನು ಹೋದ.

"ಹದಿನಾಲ್ಕು ತಿಂಗಳು, ಸಂಗಮೇಶ! ಮಾರ್ತೇನೆ ಅಂತ ಒಂದು ಮಾತು ಹೇಳ್ಲಿಕ್ಕೆ ಆಗಲಿಲ್ವಾ?"

"ನಿಮ್ಮ ಪಾಲು ನಿಮಗೆ ಬರ್ತದೆ."

"ಯಾರಿಗೆ ಬೇಕು ಪಾಲು! ನನ್ನ ಹೆಸರು ಹಾಕದಿದ್ದರೆ ಹೋಗಲಿ. ಕೆಲಸಕ್ಕೆ ಬಂದವರು ಅಂತ ಬರೆದೆಯಲ್ಲ... ನಾನು ನಿನಗೆ ಅಷ್ಟೇನಾ? ಅಷ್ಟೇ ಆಗಿದ್ದೆನಾ?"

"ಅದು ನನ್ನ ಮಾತಲ್ಲ. ನಿಮ್ಮದು."

"ನನ್ನದಾ?"

ಅವನು ಕೈಯ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿಕೊಂಡ. ಮತ್ತೆ ಎಲ್ಲೂ ತಡವರಿಸದೆ, ಅಚ್ಚ ತುಳುವಿನಲ್ಲಿ ಹೇಳಿದ:

"ಏರ್‌ಲಾ ಅತ್ತ್ ಮಾಮಿ. ಬೇಲೆಗ್ ಬತ್ತಿನಾಯೆ."

ಯಾರೂ ಅಲ್ಲ ಮಾಮಿ. ಕೆಲಸಕ್ಕೆ ಬಂದವನು.

ಅದು ಹರ್ಷಿಣಿಯದೇ ಮಾತು.

ಪಿಕಪ್ ಬಂದ ಆ ಭಾನುವಾರ. ಅಪ್ಪನ ತಂಗಿ ಸರಸ ಮಾಮಿ ಮನೆಗೆ ಬಂದಿದ್ದರು. "ವಾರ ವಾರ ಬರುವ ಈ ಘಟ್ಟದ ಮೇಲಿನ ಹುಡುಗ ಯಾರು?" ಎಂದು ತುಳುವಿನಲ್ಲಿ ಕೇಳಿದ್ದರು. ಅವನು ಮೂರು ಅಡಿ ದೂರದಲ್ಲಿ ಬೈಕಿಗೆ ಹಗ್ಗ ಬಿಗಿಯುತ್ತಿದ್ದ. ಅವಳು ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟಿದ್ದಳು, ತುಳುವಿನಲ್ಲೇ. ಮಾಮಿ ಆಳುಗಳಿಗೆಂದು ಬೇರೆ ಇಟ್ಟ ಲೋಟದಲ್ಲಿ ಚಾ ಸುರಿದು ಹಿಂದಿನ ಮೆಟ್ಟಿಲ ಮೇಲಿಟ್ಟರು. ಸಂಗಮೇಶ ಕುಡಿದ, ಲೋಟ ತೊಳೆದ, ಕವುಚಿಟ್ಟು ಹೋದ.

ಸದ್ಯ, ಇವನಿಗೆ ತುಳು ಬರುವುದಿಲ್ಲ... ಅಂದುಕೊಂಡಿದ್ದಳು ಆಗ!

"ನಿನಗೆ... ತುಳು..."

"ನನಗ ತುಳು ಬರಂಗಿಲ್ಲ ಅಂತ ನಿನಗ ಯಾರ ಹೇಳಿದ್ರು?" ಸಿಟ್ಟಿಗೆ ಅವನ ಮನೆಮಾತು ಹೊರಬಂತು. "ನಾ ಎರಡ ವರ್ಷದಾಂವ ಇದ್ದಾಗ ಅಪ್ಪ ಕಟ್ಟಡದ ಕೆಲಸಕ್ಕ ಮಣಿಪಾಲಕ್ಕ ಬಂದ. ನಾ ಆಡಿದ್ದು ತುಳುದಾಗ, ಬೈಸಿಕೊಂಡದ್ದು ತುಳುದಾಗ. ನಿಮ್ಮ ಮನ್ಯಾಗ ಎಲ್ಲಾರೂ ನನ್ನ ಕೂಡ ಕನ್ನಡ ಮಾತಾಡಿದ್ರಿ. ನಾನೂ ಕನ್ನಡ ಮಾತಾಡಿದೆ. ಅಷ್ಟ!"

ಹದಿನಾಲ್ಕು ತಿಂಗಳಲ್ಲಿ ಅವಳು ಅವನ ಬಗ್ಗೆ ಏನೆಲ್ಲ ಕೇಳಿದ್ದಳು! ಇದೊಂದನ್ನು ಕೇಳಿರಲಿಲ್ಲ. ಊಹಿಸಿಕೊಂಡಿದ್ದಳು.

"ಕ್ರ್ಯಾಂಕ್ ಕೆಲಸ ಸುಳ್ಳಲ್ಲ," ಎಂದ ಅವನು, ದನಿ ಇಳಿಸಿ. "ಮಾರಬೇಕು ಅಂತ ಅವತ್ತು ಇರಲಿಲ್ಲ. ಇಲ್ಲಿ ತಂದಿಟ್ಟ ಮೇಲೆ ದಿನಾ ಕಣ್ಣಿಗೆ ಬಿತ್ತು. ತಡೆಯಲಿಕ್ಕೆ ಆಗಲಿಲ್ಲ."

ಮಾಮಿಗೆ ಹೆದರಿ ಹಾಗೆ ಹೇಳಿದೆ ಎಂದು ಅವಳು ಅನ್ನಬಹುದಿತ್ತು. ಅವನು ನಂಬುತ್ತಿದ್ದನೋ ಏನೋ. ಆದರೆ ಅದು ಪೂರ್ತಿ ನಿಜವಲ್ಲ.

"ಹೆದರಿಕೆ ಅಲ್ಲ, ಸಂಗಮೇಶ. ಆ ಕ್ಷಣಕ್ಕೆ ನನಗೆ ನಾಚಿಕೆ ಆಯಿತು. ನಿನ್ನ ಬಗ್ಗೆಯೇ."

ಅವನು ಮುಖ ತಿರುಗಿಸಿದ.

"ನಿನಗೆ ಕೇಳಿಸಿತು ಅಂತ ಗೊತ್ತಾದ ಮೇಲೆ ಅಳು ಬರುವುದು ದೊಡ್ಡದಲ್ಲ. ಕೇಳಿಸದಿದ್ದರೂ ಬರಬೇಕಿತ್ತು. ಬರಲಿಲ್ಲ. ಅದು ನನ್ನ ತಪ್ಪು." ಅವಳ ಕೆನ್ನೆ ಒದ್ದೆಯಾಗಿತ್ತು. "ಆದರೆ ನೀನು ನನ್ನನ್ನು ಒಂದು ಸಲ ಕೇಳಬಹುದಿತ್ತು. ಕೇಳದೆ ಮಾರಾಟಕ್ಕೆ ಹಾಕಿದೆ. ನೀನು ಮಾಡಿದ್ದೂ ಮೋಸವೇ."

ಸಂಗಮೇಶ ಅವಳ ಕಡೆ ತಿರುಗಿದ.

"ಹೌದು. ಮೋಸವೇ."

ಹರ್ಷಿಣಿ ಫೋನ್ ತೆಗೆದಳು. ಸ್ಪೀಕರ್ ಹಾಕಿದಳು. ತುಳುವಿನಲ್ಲಿ ಮಾತಾಡಿದಳು.

"ಪಪ್ಪ, ಬೈಕ್ ಕೆಲಸಕ್ಕೆ ಬರ್ತಿದ್ದ ಸಂಗಮೇಶ ಇದ್ದಾನಲ್ಲ. ಅವನು ಕೆಲಸಕ್ಕೆ ಬಂದವನಲ್ಲ. ನಾನು ಮದುವೆ ಅಂತ ಆದರೆ ಇವನನ್ನೇ ಆಗುವುದು."

ಸಂಗಮೇಶನ ಕೈಯಿಂದ ಬಟ್ಟೆ ಜಾರಿತು.



"ಹದಿನಾಲ್ಕು ತಿಂಗಳು ಯಾರಾದರೂ ಒಂದು ಬೈಕ್ ರಿಪೇರಿ ಮಾಡ್ತಾರಾ ಮಗಾ?" ಎಂದರು ಧರ್ಮಪಾಲ. "ನನಗೆ ಗೊತ್ತಿರಲಿಲ್ವಾ?" ಮತ್ತೆ ತಡೆದು, "ಅವನಿಗೆ ಚಾ ಕೊಟ್ಟದ್ದು ಎಲ್ಲಿ ಅಂತಲೂ ಗೊತ್ತುಂಟು. ನಾನು ಒಳಗೇ ಇದ್ದೆ. ಎದ್ದು ಬಂದು ಕರೆಯಲಿಲ್ಲ. ಅವನು ಅಲ್ಲಿ ಇದ್ದಾನಾ?"

"ಇದ್ದೇನೆ," ಎಂದ ಸಂಗಮೇಶ, ತುಳುವಿನಲ್ಲಿ.

"ಓ... ತುಳು ಬರ್ತದಾ ನಿನಗೆ?" ಧರ್ಮಪಾಲರ ದನಿ ಕುಗ್ಗಿತು. "ಹಾಗಾದರೆ ನೀನು ಎಷ್ಟೆಲ್ಲ ಕೇಳಿರಬೇಕು... ಮನೆಗೆ ಬಾ ಮಗಾ. ಅಪ್ಪ ಅಮ್ಮನನ್ನೂ ಕರಕೊಂಡು ಬಾ."

ಫೋನ್ ಇಟ್ಟಾಗ ಶಟರ್ ಕೆಳಗೆ ಜೋಯ್‌ಸ್ಟನ್‌ನ ಕಾಲು ಕಂಡಿತು.

"ಮುಗಿಯಿತಾ? ಬೈಕ್ ಉಂಟಾ, ಇಲ್ವಾ?"

ಸಂಗಮೇಶ ಅವಳನ್ನು ನೋಡಿದ. "ನಿನ್ನೆಯೇ ಮಾತು ಕೊಟ್ಟಿದ್ದೇನೆ ಇವರಿಗೆ. ಬೇಡ ಅಂತ ನೀನು ಹೇಳಿದರೆ..."

ಹರ್ಷಿಣಿ ಬೈಕಿನ ಹ್ಯಾಂಡಲ್ ಮೇಲೆ ಕೈ ಇಟ್ಟಳು. ಬೇಡ ಅನ್ನುವುದು ಎಷ್ಟು ಸುಲಭ! ಆದರೆ ಉಡುಪಿಯಿಂದ ಪಿಕಪ್ ಮಾಡಿಕೊಂಡು ಬಂದ ಈ ಮನುಷ್ಯ ಮಾಡಿದ ತಪ್ಪಾದರೂ ಏನು?

"ಕೊಟ್ಟ ಮಾತು ಕೊಟ್ಟದ್ದೇ," ಎಂದಳು. "ಒಯ್ಯಿರಿ. ಬ್ಯಾಟರಿ ಮಾತ್ರ ಆರು ವೋಲ್ಟಿನದು ಹಾಕಬೇಡಿ. ನಾನು ಹನ್ನೆರಡಕ್ಕೆ ಬದಲಾಯಿಸಿದ್ದೇನೆ."

"ಡೌಟ್ ಬಂದರೆ ಯಾರಿಗೆ ಫೋನ್ ಮಾಡುವುದು?"

"ನನಗೆ. ಹರ್ಷಿಣಿ ಅಂತ ಸೇವ್ ಮಾಡಿಕೊಳ್ಳಿ."

ಮೂವರೂ ಸೇರಿ ಬೈಕ್ ಎತ್ತಿ ಪಿಕಪ್‌ಗೆ ಏರಿಸಿದರು. ಪಿಕಪ್ ತಿರುವು ದಾಟುವ ತನಕ ಇಬ್ಬರೂ ರಸ್ತೆ ಬದಿಯಲ್ಲಿ ನಿಂತರು.

"ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ," ಎಂದಳು.

"ನನಗೂ ಹೋಗಿಲ್ಲ."

"ಮತ್ತೆ?"

"ಮತ್ತೆ ಎಂತ... ನಿನ್ನನ್ನು ಬಿಟ್ಟಿರಲಿಕ್ಕೆ ಹದಿನೈದು ದಿನ ಪ್ರಯತ್ನ ಮಾಡಿದೆ. ಆಗುವುದಿಲ್ಲ."

"ಅದನ್ನು ನೆಟ್ಟಗೆ ಹೇಳಬಹುದಲ್ಲ?"

"ಇಷ್ಟ ಮಾರಾಯ್ತಿ. ತುಂಬ ಇಷ್ಟ." ಅವನ ಕಣ್ಣು ಕೆಂಪಾಗಿತ್ತು. "ನೀನು ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯಾ?"

"ಇಲ್ಲ."

"ಬಾ."

ಮುಂದಿನ ಭಾನುವಾರ 10.15ಕ್ಕೆ ಸಂಗಮೇಶ, ಅವನ ಅಪ್ಪ ಚಂದಪ್ಪ ಮತ್ತು ಅವ್ವ ರೇಣುಕವ್ವ ಕಾಪುವಿನ ಮನೆಗೆ ಬಂದರು. ಧರ್ಮಪಾಲ ಗೇಟಿನ ತನಕ ಹೋಗಿ ಅವರನ್ನು ಒಳಗೆ ಕರೆತಂದರು. ಸರಸ ಮಾಮಿ ಆ ದಿನ ಬರಲಿಲ್ಲ.