ಭಾಗ್ಯಾ ಟೀಚರಿಗೆ ಇಂಗ್ಲಿಷ್ ಕಲಿಸಿದ ಸಿನಿಮಾಗಳು

"ಏಲಿಯನ್ ಅಂದ್ರ ಯಾರು? ಹೇಳ್ರಿ ನೋಡೂಣು!"

ಸರಿಯಾಗಿ ಅದೇ ಗಳಿಗೆಗೆ ಭಾಗ್ಯಾ ಇಂಗ್ಲಿಷ್ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತಳು. ಅನಗವಾಡಿಯ ಬಸ್ಸು ತಡವಾಗಿತ್ತು. ಜಮಖಂಡಿ ಬಸ್ ನಿಲ್ದಾಣದಿಂದ ಒಂದೇ ಉಸಿರಿಗೆ ಓಡಿ ಬಂದು ಮೆಟ್ಟಿಲು ಹತ್ತಿದ್ದಳು.

ಬೋರ್ಡಿನ ಮುಂದಿದ್ದ ತರುಣ ತಿರುಗಿ ನೋಡಿದ. ಅವನ ಕಣ್ಣಲ್ಲಿ ತುಂಟತನ ಮಿಂಚಿತು.

"ಏಲಿಯನ್ ಅಂದ್ರ ಕರೀದ ಬರಾವ್ರು. ಯಾವ ಲೋಕದಿಂದ ಬಂದ್ರೋ ಗೊತ್ತಾಗೂದಿಲ್ಲ. ಇಗೋ, ಬಾಗಲದಾಗ ನಿಂತಾರಲ್ಲ, ಹಂಗ!"

ಇಡೀ ಕೋಣೆ ಘೊಳ್ಳೆಂದು ನಕ್ಕಿತು. ಭಾಗ್ಯಾಳ ಕಿವಿ ಕೆಂಪಾದವು. ತಿರುಗಿ ಹೋಗಿಬಿಡಲೇ ಎನಿಸಿತು... ಆದರೆ ಬಾಯಿ ಸುಮ್ಮನಿರಲಿಲ್ಲ.

"ಕೆಳಗ ದೊಡ್ಡ ಬೋರ್ಡ್ ಹಾಕೀರಿ, ಬರ್ರಿ ಬರ್ರಿ ಅಂತ. ಕರದ ಮ್ಯಾಲ ಬಂದಾಕಿ ಏಲಿಯನ್ ಹೆಂಗ ಆಗ್ತಾಳ್ರಿ ಸರ್?"

ಈಗ ನಗು ಅವನ ಕಡೆ ತಿರುಗಿತು. ಅವನೂ ನಕ್ಕುಬಿಟ್ಟ.

"ಖರೆ ಐತಿ. ತಪ್ಪಾತ್ರಿ. ಬರ್ರಿ, ಕುಂದರ್ರಿ."

ಅವನ ಹೆಸರು ಹಾಲೇಶ. ಕೂತ ಮೇಲೂ ಅವನ ನೋಟ ಒಂದು ಗಳಿಗೆ ಹೆಚ್ಚೇ ತನ್ನ ಮೇಲೆ ನಿಂತದ್ದು ಭಾಗ್ಯಾಳಿಗೆ ತಿಳಿಯಿತು.

ಭಾಗ್ಯಾ ಅನಗವಾಡಿಯ ಕನ್ನಡ ಶಾಲೆಯ ಟೀಚರ್. ಕುರಿ ಕಾಯುವ ಅಮಸಿದ್ದಪ್ಪನ ಮಗಳು, ಆ ಮನೆಯಲ್ಲಿ ಮೊದಲ ಬಾರಿಗೆ ಸಂಬಳ ಪಡೆದವಳು. ಮಕ್ಕಳೆಂದರೆ ಜೀವ. ಆದರೆ ಆ ವರ್ಷ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಿತ್ತು. ಇಂಗ್ಲಿಷ್ ಎಂದರೆ ಅವಳಿಗೆ ನಡುಕ!

ಬೀಳಗಿಯ ತರಬೇತಿಯಲ್ಲಿ ಎಲ್ಲರೂ ಎದ್ದು ನಿಂತು ತಮ್ಮ ಪರಿಚಯವನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಅವಳಿಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ ವಾಕ್ಯ, ಶಾಲೆಯಲ್ಲಿ ಕಲಿತ ರಜಾ ಅರ್ಜಿಯದು. ಗಾಬರಿಯಲ್ಲಿ ಅದೇ ನಾಲಿಗೆಗೆ ಬಂತು.

"ಐ ಆ್ಯಮ್ ಸಫರಿಂಗ್ ಫ್ರಮ್ ಅನಗವಾಡಿ!"

ಜ್ವರದಿಂದ ನರಳುವ ಹಾಗೆ ಅವಳು ತನ್ನೂರಿನಿಂದಲೇ ನರಳುತ್ತಿದ್ದಳು! ನೆರೆದ ಶಿಕ್ಷಕರು ಬೆಂಚು ಬಡಿದು ನಕ್ಕರು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತವಳು, ಮುಂದಿನ ರವಿವಾರವೇ ಯಾರಿಗೂ ಹೇಳದೆ ಜಮಖಂಡಿಗೆ ಬಂದಿದ್ದಳು.

ಹಾಲೇಶನ ಕ್ಲಾಸಿನಲ್ಲಿ ವ್ಯಾಕರಣವೇ ಇರಲಿಲ್ಲ. ಹಳೆಯ ಟಿವಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾದ ಸಿ.ಡಿ. ಹಾಕುತ್ತಿದ್ದ. ರಾಕೆಟ್ಟು, ರೋಬೋ, ಮೂರು ಕಣ್ಣಿನ ಪ್ರಾಣಿ... ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಆಮೇಲೆ ತಾನು ಬರೆದ ವಿಮರ್ಶೆ ಓದುತ್ತಿದ್ದ.

"ಈ ಸಿನಿಮಾದಾಗ ಹಾರೂ ತಟ್ಟಿ ಬಂದು ಭೂಮಿನ್ನ ಇನ್ವೇಡ್ ಮಾಡತೈತಿ. ಇನ್ವೇಡ್ ಅಂದ್ರ, ಮದುವಿ ಮುಗದು ವಾರ ಆದ್ರೂ ಬೀಗರು ನಿಮ್ಮ ಪಡಸಾಲಿ ಬಿಟ್ಟು ಏಳೂದಿಲ್ಲಲ್ಲ, ಅದು! ಹೀರೋ ಒಂದ ಗುಂಡಿ ಒತ್ತತಾನ, ಎಲ್ಲಾರೂ ವ್ಯಾನಿಶ್! ವ್ಯಾನಿಶ್ ಅಂದ್ರ, ನೀರ ತಾ ಅಂದ ಕೂಡ್ಲೆ ನಿಮ್ಮ ತಮ್ಮ ಮಾಯ ಆಗ್ತಾನಲ್ಲ, ಹಂಗ!"

ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಮನೆಗೆ ಬಂದರೂ ಆ ಪದಗಳು ಬೆನ್ನು ಬಿಡುತ್ತಿರಲಿಲ್ಲ.

"ಅವ್ವಾ, ಬೆಲ್ಲ ವ್ಯಾನಿಶ್ ಆಗೇತಲ್ಲ!"

"ಅಯ್ಯ, ಏನ ಆಗೇತಿ? ಇರುವಿ ಹತ್ತಾವೇನು?" ಎನ್ನುತ್ತಾ ತಾಯಿ ಪದ್ಮವ್ವ ಡಬ್ಬಿ ತೆರೆದು ನೋಡಿದ್ದಳು.

ಒಂದು ರವಿವಾರ ಮಧ್ಯಾಹ್ನ ಬಸ್ಸಿಗೆ ಕಾಯುತ್ತಾ ಇಬ್ಬರೂ ಚಹಾ ಕುಡಿಯುತ್ತಿದ್ದಾಗ, ಭಾಗ್ಯಾ ಆ ತರಬೇತಿಯ ಕಥೆ ಹೇಳಿಬಿಟ್ಟಳು. ಅವನು ನಗಲಿಲ್ಲ.

"ನಾನೂ ಕುರಿ ಹಿಂದ ಅಡ್ಡಾಡಿದಾಂವನ ರೀ. ಮುಧೋಳದಾಗ ಇಂಗ್ಲಿಷ್ ಸಿನಿಮಾ ನೋಡಿ ಬಂದು ಗೆಳ್ಯಾರಿಗೆ ಕಥಿ ಹೇಳ್ತಿದ್ದೆ. ಅರ್ಧ ತಿಳೀತಿದ್ದಿಲ್ಲ, ಆ ಅರ್ಧ ನಾನ ಹುಟ್ಟಸ್ತಿದ್ದೆ. ಹಂಗ ಹಂಗ ಇಂಗ್ಲಿಷ್ ಬಂತು."

"ನಿಮ್ಮ ಮುಂದ ಅಷ್ಟ ಹೇಳೇನ್ರಿ ಇದನ್ನ" ಎಂದಳು ಭಾಗ್ಯಾ. ಮನಸ್ಸು ಹತ್ತಿಯಷ್ಟು ಹಗುರಾಗಿತ್ತು. ಇವರ ಮುಂದೆ ನಾಚಿಕೆಯೇ ಆಗುವುದಿಲ್ಲವಲ್ಲ, ಯಾಕೆ?

ಆದರೆ ಮುಂದಿನ ವಾರ...

"ಈ ಸಲದ ಸಿನಿಮಾದಾಗ ಮಂಗಳ ಗ್ರಹದಿಂದ ಒಂದು ರೋಬೋ ಬರತೈತಿ," ಹಾಲೇಶ ಓದತೊಡಗಿದ. "ದೊಡ್ಡ ದೊಡ್ಡ ವಿಜ್ಞಾನಿಗಳ ಮುಂದ ನಿಂತು ಅದು ಅಂತೈತಿ, ಐ ಆ್ಯಮ್ ಸಫರಿಂಗ್ ಫ್ರಮ್ ಮಂಗಳ!"

ಕೋಣೆ ನಗೆಯಲ್ಲಿ ಮುಳುಗಿತು. ಭಾಗ್ಯಾಳಿಗೆ ಬೀಳಗಿಯಲ್ಲಿ ಬೆಂಚು ಬಡಿದ ಅದೇ ಸದ್ದು ಮತ್ತೆ ಕೇಳಿದಂತಾಯಿತು. ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದಳು.

'ನಂಬಿ ಹೇಳಿದ್ದೆ... ನಾಲ್ಕು ಜನರ ನಗುವಿಗೆ ನನ್ನ ಕಣ್ಣೀರನ್ನು ಕೊಟ್ಟುಬಿಟ್ಟರಲ್ಲ!'

ಹಾಲೇಶ ಶಾಲೆಯ ತನಕ ಬಂದ. "ಪಾಠ ನಡದೈತಿ ಅಂತ ಹೇಳ್ರಿ" ಎಂದು ಹೇಳಿ ಕಳಿಸಿದಳು. ಅವನು ಗೇಟಿನ ಬಳಿ ಬಹಳ ಹೊತ್ತು ನಿಂತಿದ್ದು ಹೋದ. ಅವಳು ಕಿಟಕಿಯಿಂದ ನೋಡಿದಳು, ಹೊರಗೆ ಮಾತ್ರ ಹೋಗಲಿಲ್ಲ.

ಆಮೇಲೆ ಬನಹಟ್ಟಿಯಿಂದ ಶೀತಲ್ ಬಂದಳು. ಕ್ಲಾಸಿನಲ್ಲಿ ಭಾಗ್ಯಾಳ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ.

"ಅರ್ಧಕ್ಕ ಎದ್ದು ಬಂದೆಲ್ಲ, ಮುಂದ ಏನಾತು ಗೊತ್ತೇನು ನಿನಗ?"

"ನನಗ ಬ್ಯಾಡ."

"ಕೇಳಬೇ! ಎಲ್ಲಾರೂ ನಗೂ ಹೊತ್ತಿನ್ಯಾಗ ಆ ಸಿನಿಮಾದ ಹುಡುಗ ಎದ್ದು ಅಂತಾನ, 'ಅದು ನಮ್ಮ ಭಾಷಾ ಕಲತು ಇಲ್ಲೀತನಕ ಬಂದೈತಿ. ಅದರ ಭಾಷಾದಾಗ ನಿಮಗ ಒಂದ ಮಾತರ ಬರತೈತೇನು?' ಅಷ್ಟ ಓದಿ ಸರ್ ನಿನ್ನ ಕಡೆ ತಿರುಗಿ ನೋಡಿದ್ರು. ನಿನ್ನ ಜಾಗಾ ಖಾಲಿ ಇತ್ತು."

ಭಾಗ್ಯಾಳ ಕಣ್ಣು ತುಂಬಿತು. ಆದರೂ ತಲೆ ಅಲ್ಲಾಡಿಸಿದಳು.

"ಮಾತು ಛಲೋನ ಐತಿ, ಶೀತಲ್. ಆದ್ರ ಅದು ನನ್ನ ನೋವು. ನನ್ನ ಕೇಳಿ ಹೇಳಬೇಕಾಗಿತ್ತು."

ಅದೇ ಶನಿವಾರ ಬೀಳಗಿಯಲ್ಲಿ ಅವಳದೇ ಮಾದರಿ ಪಾಠ. ಮುಂದೆ ಮಕ್ಕಳು, ಹಿಂದೆ ಅಂದು ನಕ್ಕಿದ್ದ ಶಿಕ್ಷಕರೆಲ್ಲ! ಸೀಮೆಸುಣ್ಣ ಕೆಳಗಿಟ್ಟು ಮಕ್ಕಳ ಕಡೆ ತಿರುಗಿದಳು.

"ಒಂದು ಊರಾಗ ಒಬ್ಬಾಕಿ ಟೀಚರ್ ಇದ್ಲು. ರಾಕೆಟ್ಟಿನ್ಯಾಗ ಕುಂತು ಚಂದ್ರಲೋಕಕ್ಕ ಹ್ವಾದ್ಲು. ಯಾವೂರವ್ವಾ ನಿಂದು ಅಂತ ಅಲ್ಲಿಯವರು ಕೇಳಿದ್ರು. ಆಕಿ ಏನಂದ್ಲು ಗೊತ್ತೇನು? ಐ ಆ್ಯಮ್ ಸಫರಿಂಗ್ ಫ್ರಮ್ ಅನಗವಾಡಿ!"

ಹೊಟ್ಟೆ ಹಿಡಿದುಕೊಂಡು ನರಳಿ ತೋರಿಸಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು! ಒಂದು ಪೋರಿ ಎದ್ದು ಕೂಗಿತು, "ಟೀಚರ್, ಸಫರಿಂಗ್ ಬ್ಯಾಡ್ರಿ! ಬರೇ ಐ ಆ್ಯಮ್ ಫ್ರಮ್ ಅನಗವಾಡಿ!"

ಕೋಣೆ ತುಂಬ ಚಪ್ಪಾಳೆ. ಪಾಠ ಮುಗಿದ ಮೇಲೆ ಹಿರಿಯ ಶಿಕ್ಷಕಿ ರುಕ್ಮವ್ವ ಹತ್ತಿರ ಬಂದು ಪಿಸುಗುಟ್ಟಿದರು. "ಅವತ್ತ ನಾನೂ ನಕ್ಕಿದ್ನೆವಾ. ನನಗೂ ಬರೂದಿಲ್ಲ, ಅದನ್ನ ಮುಚ್ಚಾಕ ನಕ್ಕಿದ್ದೆ. ಎಲ್ಲಿ ಕಲತಿ ನೀ ಇದನ್ನ?"

"ಜಮಖಂಡಿಯಾಗ್ರಿ..." ಎಂದವಳು ಚೀಲ ಎತ್ತಿಕೊಂಡಳು.

ಹೊರಗೆ ಬಂದವಳೇ ಹಾಲೇಶನಿಗೆ ಫೋನ್ ಮಾಡಿದಳು.

"ನಾಳೆ ನಾ ಕ್ಲಾಸಿಗೆ ಬರೂದಿಲ್ರಿ. ನೀವ ಅನಗವಾಡಿಗೆ ಬರ್ರಿ."

ಮರುದಿನ ಕ್ಲಾಸಿಗೆ ರಜೆ ಕೊಟ್ಟು, ಬೆಳಿಗ್ಗೆಯ ಮೊದಲ ಬಸ್ಸಿಗೇ ಹಾಲೇಶ ಬಂದಿಳಿದ. ಹೊಳೆಯ ದಂಡೆಯಲ್ಲಿ ಅವಳ ಮುಂದೆ ನಿಂತವನು ಪಾಠ ಮರೆತ ಹುಡುಗನಂತಿದ್ದ.

"ನನ್ನ ತಪ್ಪ ಐತ್ರಿ. ನಕ್ಕವ್ರಿಗೆ ನಿಮ್ಮ ಪರವಾಗಿ ನಾ ಉತ್ತರ ಕೊಡಬೇಕಂತ ಹೊಂಟೆ. ನಿಮಗ ಹೆಂಗ ಅನಸ್ತೈತಿ ಅಂತ ವಿಚಾರ ಮಾಡಲಿಲ್ಲ."

"ಉತ್ತರ ನಾನ ಕೊಟ್ಟ ಬಂದೇನ್ರಿ ನಿನ್ನೆ," ಎಂದಳು ಭಾಗ್ಯಾ. "ಸಿಟ್ಟು ಹೋಗೇತಿ."

ಅವನು ದೀರ್ಘವಾಗಿ ಉಸಿರು ಬಿಟ್ಟ.

"ಇನ್ನೊಂದು ಮಾತೈತ್ರಿ. ಅದನ್ನ ಇಂಗ್ಲಿಷ್‌ನ್ಯಾಗ ಹೇಳಾಕ ಮನಸಿಲ್ಲ. ನೀವಿಲ್ಲದ ರವಿವಾರ ನನಗ ಬ್ಯಾಡ್ರಿ. ಬದುಕೂ ಹಂಗ. ನಮ್ಮ ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ಲ್ಯಾ?"

ಭಾಗ್ಯಾ ತಲೆ ತಗ್ಗಿಸಿದಳು. "ಸರ್..."

"ಸರ್ ಅನಬ್ಯಾಡ್ರಿ ಇನ್ನ. ಹಾಲೇಶ ಅನ್ರಿ."

"ಅದು ಆಗೂದಿಲ್ರಿ."

ಅವನ ಮುಖ ಬಾಡಿತು. "ಯಾಕ್ರಿ?"

"ನಮ್ಮೂರಾಗ..." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, "ಗಂಡನ ಹೆಸರ ಹಿಡದು ಕರಿಯೂದಿಲ್ಲ."

ಅವನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದದ್ದೇ ನಕ್ಕುಬಿಟ್ಟ.

"ಅಪ್ಪಾ ಕುರಿ ಹೊಡಕೊಂಡು ಸಂಜೀಕ ಬರ್ತಾನ," ಮುಂದೆ ಹೆಜ್ಜೆ ಹಾಕುತ್ತಾ ಅಂದಳು ಭಾಗ್ಯಾ. "ಅಲ್ಲೀತನಕ ಉಪಾಸ ಇರ್ತೀರೇನು? ಅವ್ವ ರೊಟ್ಟಿ ಬಡ್ಯಾಕತ್ತಾಳ. ನಡೀರಿ, ಉಣ್ಣಾಕ."