ಚಾಕ್ ಇಡುವ ಜಾಗ

“ಮಟಮಟ ಮಧ್ಯಾಹ್ನ ಅಂಗಡಿ ಮುಚ್ಚಿ ಎಲ್ಲಿಗೆ ಅಂತ ಕೇಳ್ಬಾರದು. ಆದ್ರೂ ಕೇಳ್ತೀನಿ,” ಎಂದ ಎದುರಂಗಡಿಯ ವಾಚ್ ರಿಪೇರಿಯವನು.

ಹನ್ನೆರಡು ವರ್ಷದಿಂದ ಅವಳ ಹೊಲಿಗೆ ಮಿಷಿನ್ನಿಗೆ ಎದುರಾಗಿಯೇ ಕೂತವನು. ಅವನಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಎಡ ಎದೆಯಲ್ಲಿ ಬಟಾಣಿ ಗಾತ್ರದ ಗಂಟು ಕೈಗೆ ಸಿಕ್ಕಿತ್ತು. ನಿನ್ನೆ ತೆಗೆದ ಮ್ಯಾಮೊಗ್ರಾಮ್‌ನಲ್ಲಿ ಬಿಳಿ ಚುಕ್ಕಿಗಳೂ ಕಂಡಿದ್ದವು. ಇವತ್ತು ಮತ್ತೆ ನೋಡಿ, ಕ್ಯಾನ್ಸರ್ ಅನುಮಾನವಿದ್ದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುತ್ತಾರಂತೆ.

ಅವನು ತನ್ನ ಅಂಗಡಿಯ ಶಟರ್ ಎಳೆದು ಅವಳ ಜೊತೆ ಹೊರಟ.

“ಗಿರಾಕಿಗಳು ಬಂದ್ರೆ?”

“ನಿಂತ ವಾಚು ಇನ್ನೊಂದು ದಿನ ನಿಂತಿರುತ್ತೆ ಬಿಡಿ.”

ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ನರ್ಸ್ ಫಾರಂ ಹಿಡಿದು ಬಂದಳು. “ನಿನ್ನೆ ಮೈಗೆ ಪೌಡರ್ ಹಾಕಿದ್ರಾ? ಅದೂ ಚುಕ್ಕಿ ಥರಾನೇ ಕಾಣುತ್ತೆ.”

“ನಾನು ಪೌಡರ್ ಹಚ್ಚೋಳೇ ಅಲ್ಲ, ಸಿಸ್ಟರ್.”

ಅವನು ಮೆಲ್ಲಗೆ ಕೆಮ್ಮಿದ. “ಚಾಕ್ ಇಡ್ತೀರಲ್ಲ.”

ಇಬ್ಬರೂ ಅವನತ್ತ ತಿರುಗಿದರು. ಅವನ ಕಿವಿ ಕೆಂಪಾಯಿತು.

“ಬಟ್ಟೆಗೆ ಗುರುತು ಹಾಕಿದ್ಮೇಲೆ ಇವರು ಚಾಕನ್ನ ಕೊರಳಪಟ್ಟಿ ಒಳಗೆ ಸಿಗಿಸ್ಕೋತಾರೆ, ಸಿಸ್ಟರ್. ಎಡಗಡೆ. ನಾನು ವಾಚು ಬಿಚ್ಚೋ ಮುಂಚೆ ಧೂಳು ಒರೆಸ್ತೀನಿ. ಅದಕ್ಕೇ ಹೇಳ್ದೆ.”

ಹೌದಲ್ಲ. ನಿನ್ನೆ ಕೆಲಸ ಬಿಟ್ಟೆದ್ದು ನೇರ ಇಲ್ಲಿಗೇ ಓಡಿಬಂದಿದ್ದಳು.

ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮ್ಯಾಮೊಗ್ರಾಮ್ ತೆಗೆದರು. ತಣ್ಣನೆಯ ಫಲಕ ಎದೆಯನ್ನು ಒತ್ತಿತು. ಅವಳು ಉಸಿರು ಬಿಗಿಹಿಡಿದಳು. ಚುಕ್ಕಿಗಳು ಒಂದೂ ಇರಲಿಲ್ಲ. ಆದರೆ ಗಂಟು ಇತ್ತಲ್ಲ. ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಪರದೆಯನ್ನು ಇವಳತ್ತ ತಿರುಗಿಸಿದರು.

“ಗಂಟಿನೊಳಗಿರೋದು ಬರೀ ನೀರು. ಸೂಜಿ ಬೇಡ. ಏನಾದ್ರೂ ಬದಲಾದ್ರೆ ತಡ ಮಾಡ್ದೆ ಬನ್ನಿ. ಚಾಕ್ ಮಾತ್ರ ಅಂಗಡೀಲೇ ಬಿಟ್ಟು ಬನ್ನಿ.”

ಹೊರಬಂದಾಗ ಅವನು ಎದ್ದು ನಿಂತಿದ್ದ.

“ನೀರಂತೆ. ಬರೀ ನೀರು.”

ಅವನು ಧೊಪ್ಪನೆ ಕೂತು, ಬಹಳ ಹೊತ್ತು ಕನ್ನಡಕ ಒರೆಸಿದ. ಅವಳೂ ಪಕ್ಕದಲ್ಲಿ ಕೂತಳು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗುತ್ತಿತ್ತು.

“ಅಲ್ಲಾ ವಾಚಿನವರೇ, ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಗಿಸ್ಕೊಂಡು ತಲೆ ಬಗ್ಗಿಸಿರ್ತೀರಿ. ನಾನು ಚಾಕ್ ಎಲ್ಲಿಡ್ತೀನಿ ಅಂತ ಹೇಗೆ ಗೊತ್ತಾಯ್ತು?”

“ಭೂತಗನ್ನಡಿ ಒಂದೇ ಕಣ್ಣಿಗೆ,” ಎಂದ ಅವನು, ನೆಲ ನೋಡುತ್ತ. “ಇನ್ನೊಂದು ಹನ್ನೆರಡು ವರ್ಷದಿಂದ ನಿಮ್ಮ ಕಡೆಗೇ ಇದೆ.”

ಅವಳು ಬ್ಯಾಗಿನಿಂದ ಚಾಕ್ ತೆಗೆದಳು.

“ಇನ್ಮೇಲೆ ಇದನ್ನ ಎಲ್ಲಿಡ್ಲಿ?”

ಅವನು ತನ್ನ ಅಂಗಿಯ ಜೇಬು ತೋರಿಸಿದ.

“ಒಂದೊಂದು ಗುರುತಿಗೂ ರಸ್ತೆ ದಾಟಿ ಬರ್ಬೇಕಾ?”

“ಅಷ್ಟು ದೂರ ಯಾಕಿರ್ಬೇಕು ನಾವು?”

ಅವಳು ಚಾಕನ್ನು ಅವನ ಜೇಬಿಗೆ ಹಾಕಿದಳು. ಕೈಯನ್ನು ಕೂಡಲೇ ಹಿಂತೆಗೆಯಲಿಲ್ಲ.