ಎರಡು ನಾಡಿನ ಒಂದು ಗಂಟೆ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಕಿವಿಯಿದ್ದ ಕಾಲದಲ್ಲಿ, ಕೂಡುನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿನವರು ಆಳೆತ್ತರದ ಕಂಚಿನ ಗಂಟೆ ಎರೆಯುತ್ತಿದ್ದರು. ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಕಾದ ಕಂಚಿನ ಮೂಸೆ ಹಿಡಿದು ಊರೆಲ್ಲ ಅಚ್ಚಿನ ಸುತ್ತ ನಿಲ್ಲಬೇಕು. ಯಜಮಾನ ಸೋಮಜ್ಜ ಸಿಳ್ಳು ಹಾಕಬೇಕು. ಎಲ್ಲರೂ ಒಟ್ಟಿಗೆ ಸುರಿಯಬೇಕು. ಗಂಟೆಗೆ ಬದಲಾಗಿ ಬಂದ ಅಕ್ಕಿ ಒಂದೇ ಕಣಜಕ್ಕೆ ಹೋಗುತ್ತಿತ್ತು. ಹಸಿದು ಮಲಗಿದವರು ಯಾರೂ ಇರಲಿಲ್ಲ. ಆದರೆ ಮುತ್ತಜ್ಜಂದಿರ ಕಾಲದ ಅದೇ ಮಿಶ್ರಣ, ಅದೇ ದನಿ. ಕೊಳ್ಳುವವರು ಕಡಿಮೆಯಾಗಿ ಕಣಜದ ತಳ ಕಾಣತೊಡಗಿತ್ತು.

ಆ ನಾಡಿನ ಮಲಿಯನಿಗೆ ಹೊಸ ದನಿಯ ಹುಚ್ಚು.

"ಅಜ್ಜ, ಕಂಚಿಗೆ ಒಂದು ಹಿಡಿ ತವರ ಹೆಚ್ಚಿಗೆ ಹಾಕಿ ನೋಡ್ತೀನಿ."

"ನೀನು ನೋಡಿ ಕೆಡಿಸಿದರೆ ಊರೆಲ್ಲ ಉಪವಾಸ ಬೀಳಬೇಕೇನೋ?" ಎಂದ ಸೋಮಜ್ಜ.

ಮಲಿಯ ತನ್ನ ಹೆಂಡತಿ ಕೊಂತಿಗೆ ಹೇಳಿದ: "ಬೆಟ್ಟದಾಚೆ ಬಿಡಿನಾಡಿದೆಯಂತೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕುಲುಮೆಯಂತೆ. ಕಲಿತು ಬರ್ತೀನಿ." ಕೊಂತಿ ರೊಟ್ಟಿ ಕಟ್ಟಿಕೊಟ್ಟಳು. ಅವನು ಹೋದ. ಮಳೆ ಬಂತು, ಹೋಯಿತು. ಅವನು ಬರಲಿಲ್ಲ. ಬಾಗಿಲು ಅಲುಗಿದಾಗಲೆಲ್ಲ ಕೊಂತಿ ಎದ್ದು ನೋಡುತ್ತಿದ್ದಳು. ಗಾಳಿಗೇ ಎದ್ದು ಎದ್ದು ಸಾಕಾಗಿ, ಒಂದು ಬೆಳಿಗ್ಗೆ ತಾನೇ ಹೊರಟಳು.

ಬೆಟ್ಟದ ಕಣಿವೆಯಲ್ಲಿ ಒಂದು ಕೆರೆ. ಕೆರೆಯಲ್ಲಿ ಒಂಟಿ ಕಾಲಿನ ಮೇಲೆ ಒಂದು ಕೊಕ್ಕರೆ. ಅದು ಅವಳ ಬಳಿ ಬಂದು ಅಂಗೈಯಲ್ಲಿ ಕೊಕ್ಕಿಟ್ಟಿತು. ಎಡರೆಕ್ಕೆಯ ಮೇಲೆ ಸುಟ್ಟ ಕಲೆಯಿತ್ತು, ಮಲಿಯನ ಎಡತೋಳಿನ ಮೇಲಿದ್ದಂಥದೇ.

"ಮಲಿಯಾ?"

ಕೊಕ್ಕರೆ ಬಾಯಿ ತೆರೆಯಿತು. ದನಿ ಬರಲಿಲ್ಲ.

"ಅದು ನನ್ನ ಹೊಟ್ಟೆಯಲ್ಲಿದೆ!" ಎಂದು ಬಂಡೆಯ ಮೇಲೆ ಕೂತ ಮಂತ್ರವಾದಿ ನಕ್ಕ. ಅವನ ಹೆಸರು ಸದ್ದುನುಂಗ. ದನಿಗಳನ್ನು ನುಂಗಿಯೇ ಕೊಬ್ಬಿದವನು. "ನಾನು ನುಂಗಲಾರದ ದನಿ ಕೇಳಿಸು, ಗಂಡನನ್ನು ಬಿಡ್ತೀನಿ. ಮೂರು ಸಲ ನೋಡು. ಮೂರರಲ್ಲೂ ಸೋತರೆ ಅವನ ಪಕ್ಕ ನೀನೂ ಕೊಕ್ಕರೆ."

ಕೊಂತಿ ಊರಿಗೆ ಓಡಿದಳು. ವಿಷಯ ತಿಳಿದದ್ದೇ ಊರೆಲ್ಲ ಸೇರಿ ಅತಿ ದೊಡ್ಡ ಗಂಟೆಯನ್ನು ಹೊತ್ತು ತಂದು ಬಾರಿಸಿತು. ಕಣಿವೆ ನಡುಗಿತು. ಸದ್ದುನುಂಗ ಆಕಳಿಸಿದ.

"ಇದೇ ದನಿಯನ್ನು ನಿಮ್ಮ ಮುತ್ತಜ್ಜನ ಕಾಲದಿಂದ ನುಂಗ್ತಾ ಇದೀನಿ. ಗಂಟಲಿನ ದಾರಿ ಅದಕ್ಕೇ ಗೊತ್ತು." ಗುಳುಂ ಎನಿಸಿದ.

ಕೊಂತಿ ಬಿಡಿನಾಡಿಗೆ ಇಳಿದಳು. ಅಲ್ಲಿ ಮನೆಮನೆಯ ನಡುವೆ ಎತ್ತರದ ಗೋಡೆ. ಕಿವಿಗೆ ಮುತ್ತು ಹಾಕಿದ ನಂಜಾಚಾರಿ ಅಂಗೈಯಗಲದ ಗಂಟೆ ಮಾಡುತ್ತಿದ್ದ. ಅದರ ದನಿ ಯಾರೂ ಕೇಳಿರದಂಥದು. ಕೇಳಿದರೆ ದೂರದಲ್ಲಿರುವವರ ನೆನಪಾಗುತ್ತಿತ್ತು.

"ಇದನ್ನೇ ದೊಡ್ಡದಾಗಿ ಮಾಡಿಕೊಡಿ, ಆಚಾರ್ರೇ."

"ದೊಡ್ಡದಕ್ಕೆ ಮೂಸೆ ಹಿಡಿಯೋ ಜನ ಬೇಕಮ್ಮ. ನನಗಿರೋದು ಎರಡು ಕೈ."

"ಪಕ್ಕದ ಮನೆಯವರು?"

"ಅವರ ಹೆಸರೂ ಗೊತ್ತಿಲ್ಲ."

ಆ ಪಕ್ಕದ ಮನೆಯಲ್ಲಿ ಒಲೆ ಹತ್ತದೆ ಎಷ್ಟೋ ದಿನವಾಗಿತ್ತು. ಅದೂ ಅವನಿಗೆ ಗೊತ್ತಿರಲಿಲ್ಲ. ಚಳಿಗಾಲವಿಡೀ ನಂಜಾಚಾರಿಯ ಕುಲುಮೆಗೆ ತಿದಿಯೂದಿ ಕೊಂತಿ ಆ ಸಣ್ಣ ಗಂಟೆಯನ್ನು ಕೂಲಿಯಾಗಿ ಪಡೆದಳು. ಉಂಡೆಯಾ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಸಂಜೆ ಬೆಟ್ಟದ ಕಡೆ ನೋಡಿಕೊಂಡೇ ಉಣ್ಣುತ್ತಿದ್ದಳು.

ಅವಳು ಕಣಿವೆಗೆ ಮರಳಿ ಆ ಗಂಟೆ ಬಾರಿಸಿದಾಗ ಸದ್ದುನುಂಗ ಬೆಚ್ಚಿದ. ಆಮೇಲೆ ನೆಲ್ಲಿಕಾಯಿಯಂತೆ ಬಾಯಿಗೆಸೆದುಕೊಂಡ. "ಆಹಾ, ಹೊಸ ರುಚಿ! ಆದರೆ ಒಂದೇ ತುತ್ತು."

ಕೊಂತಿ ಕೆರೆಯ ದಂಡೆಯಲ್ಲಿ ಕೂತು ಯೋಚಿಸಿದಳು. ದೊಡ್ಡದು ಹಳೆಯದಾಗಿತ್ತು. ಹೊಸದು ಸಣ್ಣದಾಗಿತ್ತು. ಕೊಕ್ಕರೆ ಬಂದು ಅವಳ ನೆರಳಿನಲ್ಲಿ ನಿಂತಿತು.

ಮತ್ತೆ ಬಿಡಿನಾಡಿಗೆ ಹೋಗಿ ಒಂದೊಂದೇ ಬಾಗಿಲು ತಟ್ಟಿದಳು. "ನಿಮ್ಮ ಗಂಟೆಯ ದನಿ ಬೆಟ್ಟ ದಾಟಿದ್ದುಂಟಾ?" ಕೇಳಿದವರು ಒಬ್ಬೊಬ್ಬರಾಗಿ ಮೂಸೆ ಎತ್ತಿಕೊಂಡು ಹೊರಟರು. ಕೊಂತಿಯ ಕರೆಗೆ ಈಚೆಯಿಂದ ಕೂಡುನಾಡೂ ಬಂತು. ಕೆರೆಯ ಬಳಿ ಅಚ್ಚು ನಿಂತಿತು. ನಂಜಾಚಾರಿ ತವರ ಬೆರೆಸಿದ.

ಸುರಿಯುವಾಗಲೇ ಕೆಟ್ಟಿತು. ಬಿಡಿನಾಡಿನವರು ತಮ್ಮ ತಮ್ಮ ಕಂಚು ಬೆಂದಾಗ ತಾವೇ ಸುರಿದರು. ಕೂಡುನಾಡಿನವರು ಸಿಳ್ಳಿಗೆ ಕಾಯುತ್ತ ನಿಂತು ಕಂಚು ತಣಿಸಿದರು. ಗಂಟೆಗೆ ನಡುವೆ ಬಿರುಕು ಬಂತು.

"ಸಿಳ್ಳಿಗೆ ಮೊದಲೇ ಸುರಿದವನ್ಯಾವನೋ?"

"ಬೆಂದ ಕಂಚು ನಿಮ್ಮಜ್ಜನ ಉಸಿರಿಗೆ ಕಾಯುತ್ತಾ?"

ಬಿರುಕು ಬಿಟ್ಟ ಗಂಟೆಯನ್ನು ಒಡೆದು ಮತ್ತೆ ಕರಗಿಸಿದರು. ಕೊಂತಿ ಸೋಮಜ್ಜನ ಮುಂದೆ ನಿಂತಳು. "ಅಜ್ಜ, ಈ ಸಲ ನೀವು ಮೂಸೆ ಹಿಡೀರಿ. ಸಿಳ್ಳು ನಾನು ಹಾಕ್ತೀನಿ."

ಕೂಡುನಾಡಿನಲ್ಲಿ ಅಂಥ ಮಾತು ಯಾರೂ ಆಡಿದ್ದಿಲ್ಲ. ಸೋಮಜ್ಜ ಅವಳನ್ನು ನೋಡಿದ. ಕೆರೆಯ ಕೊಕ್ಕರೆಯನ್ನು ನೋಡಿದ. ಮೂಸೆ ಹಿಡಿದು ಹೋಗಿ ಸಾಲಿನಲ್ಲಿ ನಿಂತ.

ನಂಜಾಚಾರಿ ಉರಿಯ ಬಣ್ಣ ನೋಡುತ್ತ ನಿಂತ. ಕೊಂತಿ ನಂಜಾಚಾರಿಯ ಮುಖ ನೋಡುತ್ತ ನಿಂತಳು. ಅವನು ತಲೆಯಾಡಿಸಿದ. ಅವಳು ಸಿಳ್ಳು ಹಾಕಿದಳು. ಎರಡೂ ನಾಡು ಒಟ್ಟಿಗೆ ಸುರಿಯಿತು.

ಗಂಟೆ ಬಾರಿಸಿದರು. ಸದ್ದುನುಂಗ ಬಾಯಿ ತೆರೆದ. ದನಿ ಹೊಸದು, ಗಂಟಲಿಗೆ ದಾರಿ ತಿಳಿಯಲಿಲ್ಲ. ದೊಡ್ಡದು, ಬಾಯಿಗೆ ಹಿಡಿಸಲಿಲ್ಲ. ಅವನು ತಿದಿಯಂತೆ ಉಬ್ಬಿ, ಒಡೆದು, ಹಿಡಿ ಬೂದಿಯಾದ. ನುಂಗಿದ್ದ ದನಿಗಳೆಲ್ಲ ಹಾರಿ ಬಂದವು: ಮುತ್ತಜ್ಜಂದಿರ ಗಂಟೆಗಳು, ಕಳೆದುಹೋದ ಕರುಗಳ ಕೂಗು, ಎಂದೋ ಯಾರನ್ನೋ ಕರೆದ ತಾಯಂದಿರ ಕರೆ. ಮಲಿಯನ ದನಿಯೂ ಬಂತು. ಗರಿಗಳು ಉದುರಿದವು. ನೀರಿನಲ್ಲಿ ಅವನು ನಿಂತಿದ್ದ.

"ಕೊಂತಿ, ಎಷ್ಟು ಸಲ ಕರೆದೆ ಗೊತ್ತಾ?"

"ಗೊತ್ತು. ಕೇಳಿಸ್ತಿರಲಿಲ್ಲ, ಅಷ್ಟೇ."

ಅಂದಿನಿಂದ ಕೂಡುನಾಡಿನಲ್ಲಿ ಮನೆಗೊಂದು ಪುಟ್ಟ ಕುಲುಮೆ ಬಂತು, ಬೇಕಾದ್ದು ಬೆರೆಸಿ ಕೆಡಿಸಿಕೊಳ್ಳಲಿಕ್ಕೆ. ಬಿಡಿನಾಡಿನ ಗೋಡೆಗಳಲ್ಲಿ ಬಾಗಿಲು ಬಂದವು. ಎರಡೂ ಕಡೆ ಕಣಜ ತುಂಬಿತು. ಕೊಂತಿ, ಮಲಿಯ ಕಣಿವೆಯಲ್ಲೇ ಮನೆ ಕಟ್ಟಿದರು. ಸಂಜೆ ಒಬ್ಬರು ಕೂಗಿದರೆ ಇನ್ನೊಬ್ಬರು ಓಗೊಡುತ್ತಿದ್ದರು. ಹಾಗೆ ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.